ಪ್ಲೂಟೊ ಚಿಕ್ಕದು ಅಂತ ಗ್ರಹದ ಪಟ್ಟ ಹೋಯ್ತಾ?

ಪ್ರಶ್ನೆ: ನಾವು ಶಾಲೆಯಲ್ಲಿ ಒಂಬತ್ತು ಗ್ರಹ ಅಂತ ಓದಿದ್ದು. ಮಗಳ ಪುಸ್ತಕದಲ್ಲಿ ಎಂಟೇ ಇವೆ. ಪ್ಲೂಟೊ ಈಗ ಕುಬ್ಜ ಗ್ರಹವಂತೆ. ಅದೂ ದುಂಡಗಿದೆ, ಸೂರ್ಯನನ್ನೇ ಸುತ್ತುತ್ತದೆ, ಐದು ಚಂದ್ರರು ಬೇರೆ ಇದ್ದಾರೆ. ನಮ್ಮ ಭೂಮಿಗೇ ಇರೋದು ಒಂದು! ಬರೀ ಚಿಕ್ಕದು ಅಂತ ಅದನ್ನು ಪಟ್ಟಿಯಿಂದ ತೆಗೆದಿದ್ದು ಸರೀನಾ?
(ಬೆಂಗಳೂರಿನ ಓದುಗರೊಬ್ಬರು)

ಉತ್ತರ: ಚಿಕ್ಕದು ಅಂತ ತೆಗೆದಿದ್ದಲ್ಲ. ಗ್ರಹ ಅನ್ನಿಸಿಕೊಳ್ಳಲು ಇಷ್ಟು ಕಿಲೋಮೀಟರ್ ಅಗಲ ಇರಲೇಬೇಕು ಅಂತ ಯಾವ ನಿಯಮವೂ ಇಲ್ಲ. ಗುರುವಿನ ಚಂದ್ರ ಗ್ಯಾನಿಮೀಡ್ 5,268 ಕಿ.ಮೀ. ಅಗಲ ಇದೆ. ಬುಧ ಇರೋದು 4,879 ಕಿ.ಮೀ. ಆದರೂ ಬುಧ ಗ್ರಹ, ಗ್ಯಾನಿಮೀಡ್ ಚಂದ್ರ. ಪ್ಲೂಟೊ ಪಟ್ಟ ಕಳೆದುಕೊಂಡಿದ್ದು ಅದರ ನೆರೆಹೊರೆಯಿಂದಾಗಿ.

2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ಮೂರು ಷರತ್ತು ಹಾಕಿತು. ಗ್ರಹ ಅನ್ನೋದು ಸೂರ್ಯನನ್ನು ಸುತ್ತಬೇಕು. ತನ್ನದೇ ಗುರುತ್ವಕ್ಕೆ ಸಿಕ್ಕಿ ದುಂಡಗಾಗುವಷ್ಟು ತೂಕ ಇರಬೇಕು. ತಾನು ಓಡಾಡುವ ದಾರಿಯ ಆಸುಪಾಸನ್ನು ಖಾಲಿ ಮಾಡಿಸಿರಬೇಕು. ಮೊದಲೆರಡು ಇದ್ದು ಮೂರನೆಯದು ಇಲ್ಲದಿದ್ದರೆ, ಜೊತೆಗೆ ಅದು ಇನ್ನೊಂದರ ಚಂದ್ರನೂ ಅಲ್ಲದಿದ್ದರೆ, ಅದು ಕುಬ್ಜ ಗ್ರಹ. ಎಷ್ಟು ಚಂದ್ರರಿದ್ದಾರೆ ಅನ್ನೋದು ಲೆಕ್ಕಕ್ಕೇ ಬರೋದಿಲ್ಲ. ಬುಧ, ಶುಕ್ರರಿಗೆ ಒಬ್ಬ ಚಂದ್ರನೂ ಇಲ್ಲ. ಆದರೆ ಇಡಾ ಅನ್ನೋ ಕ್ಷುದ್ರಗ್ರಹಕ್ಕೆ ಒಂದು ಪುಟ್ಟ ಚಂದ್ರ ಇದೆ.

ದುಂಡಗಾಗೋದು ಹೇಗೆ? ಸಣ್ಣ ಕಲ್ಲು ಹೇಗಿದೆಯೋ ಹಾಗೇ ಇರುತ್ತದೆ, ಏಕೆಂದರೆ ಅದರ ಗಟ್ಟಿತನದ ಮುಂದೆ ಅದರ ಗುರುತ್ವ ಏನೇನೂ ಅಲ್ಲ. ತೂಕ ಏರುತ್ತಾ ಹೋದಂತೆ ಗುರುತ್ವ ಗೆಲ್ಲುತ್ತದೆ. ಆಗ ಎತ್ತರದ್ದು ಕುಸಿದು, ತಗ್ಗು ತುಂಬಿ, ಮೇಲ್ಮೈ ಎಲ್ಲ ಕಡೆಯೂ ಕೇಂದ್ರದಿಂದ ಹೆಚ್ಚುಕಡಿಮೆ ಒಂದೇ ದೂರಕ್ಕೆ ಬರುತ್ತದೆ. ವೆಸ್ಟಾ ಅನ್ನೋ ಕ್ಷುದ್ರಗ್ರಹ ಸುಮಾರು 525 ಕಿ.ಮೀ. ಅಗಲ ಇದ್ದರೂ ಈ ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ತಪ್ಪಿದೆ. ಅದರ ದಕ್ಷಿಣ ತುದಿಗೆ ಯಾವುದೋ ಕಾಲದಲ್ಲಿ ಬಿದ್ದ ಭಾರಿ ಏಟಿನ ಗುಂಡಿ ಇವತ್ತಿಗೂ ಹಾಗೇ ಇದೆ. ಪ್ಲೂಟೊಗೆ ಇಲ್ಲಿ ಏನೂ ತೊಂದರೆ ಇಲ್ಲ. ಅದು 2,377 ಕಿ.ಮೀ. ಅಗಲದ ಚೆಂದದ ಗುಂಡು.

ಸಿಕ್ಕಿಬಿದ್ದಿದ್ದು ಮೂರನೆಯದರಲ್ಲಿ. ಅದು ಅರ್ಥವಾಗಲು ಸೌರಮಂಡಲದ ದೂರಗಳು ಸ್ವಲ್ಪ ಕಣ್ಣಿಗೆ ಕಟ್ಟಬೇಕು. ಬೆಂಗಳೂರಿನಲ್ಲೇ ಒಂದು ಲೆಕ್ಕ ಹಾಕೋಣ. ಹೈ ಗ್ರೌಂಡ್ಸಿನ ನೆಹರು ತಾರಾಲಯದ ಹತ್ತಿರ ಸೂರ್ಯನನ್ನು ಇಡಿ. ಭೂಮಿ–ಸೂರ್ಯರ ನಡುವಿನ 15 ಕೋಟಿ ಕಿಲೋಮೀಟರನ್ನು ಒಂದೇ ಕಿಲೋಮೀಟರಿಗೆ ಇಳಿಸಿ. ರಸ್ತೆ ಲೆಕ್ಕ ಬೇಡ, ನೇರ ಗೆರೆ ಎಳೆದ ದೂರ. ಆಗ ಸೂರ್ಯ 9 ಮೀಟರ್ ಅಗಲದ ಗೋಳ. ಭೂಮಿ ಕಬ್ಬನ್ ಪಾರ್ಕಿನಲ್ಲಿರುವ ಎಂಟೂವರೆ ಸೆಂಟಿಮೀಟರ್ ಚೆಂಡು. ಸೀರಿಸ್ ಅನ್ನೋ ಕುಬ್ಜ ಗ್ರಹ ಕೆ.ಆರ್. ಮಾರ್ಕೆಟ್ ಹತ್ತಿರ ಬಿದ್ದಿರುವ ಬಟಾಣಿ ಕಾಳು. ಮೈಸೂರು ರಸ್ತೆ ಹಿಡಿದು ಹೊರಟರೆ ಶನಿ ರಾಜರಾಜೇಶ್ವರಿ ನಗರದಲ್ಲಿ, ಯುರೇನಸ್ ಕುಂಬಳಗೋಡಿನಲ್ಲಿ, ನೆಪ್ಚೂನ್ ಬಿಡದಿಯಲ್ಲಿ. ಪ್ಲೂಟೊ? ಗೋಲಿ ಗಾತ್ರದ್ದು. ಒಮ್ಮೆ ಬಿಡದಿಯ ಹತ್ತಿರ ಬರುತ್ತದೆ, ಇನ್ನೊಮ್ಮೆ ರಾಮನಗರವನ್ನೂ ದಾಟಿ ಹೋಗುತ್ತದೆ. ಎರಿಸ್ ಅನ್ನೋ ಇನ್ನೊಂದು ಕುಬ್ಜ ಗ್ರಹ ಈಗ ಮಂಡ್ಯದಿಂದಲೂ ಆಚೆ ಇದೆ.

ಈ ಬಿಡದಿಯಿಂದ ಚನ್ನಪಟ್ಟಣದ ಹತ್ತಿರದವರೆಗಿನ ಜಾಗವೇ ಕೈಪರ್ ಪಟ್ಟಿ. ಮಂಜುಗಡ್ಡೆ ಮತ್ತು ಕಲ್ಲಿನ ಸಾವಿರಾರು ಕಾಯಗಳು ಅಲ್ಲಿ ಸುತ್ತುತ್ತಿವೆ. ಪ್ಲೂಟೊ ಅವುಗಳ ನಡುವೆ ಓಡಾಡುವ ಒಂದು ಕಾಯ. ದೊಡ್ಡದೇ ಇರಬಹುದು, ಆದರೆ ಅಲ್ಲಿ ಅದರ ಮಾತು ನಡೆಯೋದಿಲ್ಲ.

ಭೂಮಿಯ ಕಥೆ ಬೇರೆ. ಹುಟ್ಟಿದ ಹೊಸದರಲ್ಲಿ ಅದರ ದಾರಿಯಲ್ಲೂ ಕಲ್ಲು, ಧೂಳು ತುಂಬಿತ್ತು. ಭಾರವಾದ ಗ್ರಹವೊಂದರ ಹತ್ತಿರ ಸಣ್ಣ ಕಲ್ಲು ಮತ್ತೆ ಮತ್ತೆ ಹಾದುಹೋದರೆ ಅದಕ್ಕೆ ಹೆಚ್ಚು ಆಯ್ಕೆಗಳಿಲ್ಲ. ಗ್ರಹಕ್ಕೇ ಬಂದು ಬೀಳುತ್ತದೆ, ಇಲ್ಲವೇ ಗುರುತ್ವದ ಎಳೆತಕ್ಕೆ ಸಿಕ್ಕಿ ಎಲ್ಲಿಗೋ ಎಸೆಯಲ್ಪಡುತ್ತದೆ. ಕೆಲವು ಮಾತ್ರ ಗ್ರಹದ ಓಟಕ್ಕೆ ಹೊಂದಿಕೊಂಡು ಬದುಕಿಕೊಳ್ಳುತ್ತವೆ. ಕೋಟ್ಯಂತರ ವರ್ಷ ಇದೇ ನಡೆದರೆ ದಾರಿ ತೆರವಾಗುತ್ತದೆ. 2006ರಲ್ಲಿ ಸ್ಟೀವನ್ ಸೋಟರ್ ಎಂಬ ಖಗೋಳ ವಿಜ್ಞಾನಿ ಇದನ್ನು ಅಂಕಿಗೆ ಇಳಿಸಿದರು. ಭೂಮಿಯ ವಲಯದಲ್ಲಿ ಉಳಿದಿರುವ ಬೇರೆಲ್ಲ ಕಾಯಗಳನ್ನು ಒಟ್ಟು ಸೇರಿಸಿ ತೂಗಿದರೆ, ಭೂಮಿ ಅದರ 17 ಲಕ್ಷ ಪಟ್ಟು ಭಾರ. ಎಂಟು ಗ್ರಹಗಳಲ್ಲಿ ತೀರಾ ಕಡಿಮೆ ಅಂಕ ಬಂದ ಗ್ರಹದ್ದೂ ಸಾವಿರಗಟ್ಟಲೆ ಪಟ್ಟು. ಪ್ಲೂಟೊ ಲೆಕ್ಕ ಹಾಕಿದರೆ ಸಿಕ್ಕಿದ್ದು 0.08ಕ್ಕೂ ಕಡಿಮೆ. ಅಂದರೆ ತನ್ನ ವಲಯದ ಉಳಿದ ಸರಕಿನ ಹತ್ತರಲ್ಲೊಂದು ಭಾಗದ ತೂಕವೂ ಅದಕ್ಕಿಲ್ಲ. ಸೀರಿಸ್‌ಗೆ ಬಂದಿದ್ದು 0.33.

ನನ್ನ ಮಟ್ಟಿಗೆ ಇಡೀ ಜಗಳದಲ್ಲಿ ಗಟ್ಟಿಯಾದ ವಾದ ಇದೇ. ಸಾವಿರಗಳು ಒಂದು ಕಡೆ, ಒಂದಕ್ಕಿಂತ ಕಡಿಮೆ ಇನ್ನೊಂದು ಕಡೆ. ನಡುವೆ ಯಾರೂ ಇಲ್ಲ. ಯಾರೋ ಕೂತು ಮನಸ್ಸಿಗೆ ಬಂದಲ್ಲಿ ಎಳೆದ ಗೆರೆಯಾಗಿದ್ದರೆ ಗೆರೆಯ ಅಕ್ಕಪಕ್ಕ ಅರ್ಧಂಬರ್ಧ ಗಿರಾಕಿಗಳು ಇರಬೇಕಿತ್ತು, ಅಲ್ವಾ?

‘ಪ್ಲೂಟೊ ನೆಪ್ಚೂನಿನ ಕಕ್ಷೆಯೊಳಗೆ ಬರುತ್ತಲ್ಲ, ಹಾಗಾದ್ರೆ ನೆಪ್ಚೂನೂ ದಾರಿ ಖಾಲಿ ಮಾಡಿಸಿಲ್ಲ ತಾನೆ?’ ಅಂತ ಬುದ್ಧಿವಂತರು ಕೇಳುತ್ತಾರೆ. ಒಳ್ಳೆ ಪ್ರಶ್ನೆ. ನಿಜ, 1979ರಿಂದ 1999ರವರೆಗೆ ಪ್ಲೂಟೊ ನೆಪ್ಚೂನಿಗಿಂತ ಸೂರ್ಯನಿಗೆ ಹತ್ತಿರ ಇತ್ತು. ಆದರೆ ನೆಪ್ಚೂನ್ ಮೂರು ಸುತ್ತು ಮುಗಿಸುವಷ್ಟರಲ್ಲಿ ಪ್ಲೂಟೊ ಸರಿಯಾಗಿ ಎರಡು ಸುತ್ತು ಹಾಕುತ್ತದೆ. ಈ ತಾಳ ನೆಪ್ಚೂನ್ ಕಟ್ಟಿಹಾಕಿದ್ದು. ಅದು ಪ್ಲೂಟೊಗಿಂತ ಸುಮಾರು 8 ಸಾವಿರ ಪಟ್ಟು ಭಾರ. ಈ ಕಟ್ಟುಪಾಡಿನಿಂದಲೇ ಎರಡೂ ಎಂದಿಗೂ ಹತ್ತಿರ ಬರೋದಿಲ್ಲ. ಪ್ಲೂಟೊ ಯುರೇನಸ್ಸಿಗಾದರೂ ಹತ್ತಿರ ಬರುತ್ತದೆ, ನೆಪ್ಚೂನಿಗೆ ಅಷ್ಟೂ ಬರೋದಿಲ್ಲ. ಗುರುವಿನ ದಾರಿಯಲ್ಲಿ ಅದರ ಹಿಂದೆ ಮುಂದೆ ಓಡುವ ಟ್ರೋಜನ್ ಕ್ಷುದ್ರಗ್ರಹಗಳದ್ದೂ ಇದೇ ಉತ್ತರ. ಅವು ಅಲ್ಲಿರೋದು ಗುರುವಿನ ಹಿಡಿತದಲ್ಲಿ.

ಪಟ್ಟ ಕಳೆದುಕೊಂಡವರಲ್ಲಿ ಪ್ಲೂಟೊ ಮೊದಲನೆಯದೇನೂ ಅಲ್ಲ. 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಟ್ಸಿ ಸೀರಿಸ್ಸನ್ನು ಕಂಡುಹಿಡಿದರು. ಮಂಗಳ, ಗುರುಗಳ ನಡುವೆ ಒಂದು ಗ್ರಹ ಇರಬೇಕು ಅಂತ ಮೊದಲೇ ಹುಡುಕಾಟ ಇತ್ತು. ಸಿಕ್ಕೇಬಿಟ್ಟಿತು ಅಂತ ಎಲ್ಲರೂ ಖುಷಿಪಟ್ಟರು. ಮರುವರ್ಷವೇ ಅದೇ ಜಾಗದಲ್ಲಿ ಪಲ್ಲಾಸ್ ಸಿಕ್ಕಿತು. 1804ರಲ್ಲಿ ಜುನೋ, 1807ರಲ್ಲಿ ವೆಸ್ಟಾ. ಎಲ್ಲವನ್ನೂ ಗ್ರಹ ಅಂತಲೇ ಬರೆದುಕೊಂಡರು. ಹಾಗಾಗಿ ಆಗಿನ ಪುಸ್ತಕಗಳಲ್ಲಿ ಗ್ರಹಗಳು 11! 1845ರಿಂದ ಒಂದರ ಹಿಂದೊಂದು ಹೊಸವು ಸಿಗತೊಡಗಿದ ಮೇಲೆ ಪಟ್ಟಿ ಕೈಮೀರಿತು. ಕೆಲವೇ ವರ್ಷಗಳಲ್ಲಿ ಸೀರಿಸ್ ಸಮೇತ ಎಲ್ಲವೂ ಕ್ಷುದ್ರಗ್ರಹಗಳ ಪಟ್ಟಿಗೆ ಹೋದವು. ಸೀರಿಸ್‌ಗಾಗಿ ಆಗ ಮಕ್ಕಳು ಅತ್ತು ಪತ್ರ ಬರೆದರೋ ಇಲ್ಲವೋ, ಪ್ಲೂಟೊಗಂತೂ ಬರೆದರು.

ಈ ಕ್ಷುದ್ರಗ್ರಹಗಳ ಬೇಟೆಯಲ್ಲಿ ನಮ್ಮ ಕಡೆಯವರೂ ಇದ್ದಾರೆ. 1861ರಲ್ಲಿ ಮದ್ರಾಸ್ ವೀಕ್ಷಣಾಲಯದಿಂದ ನಾರ್ಮನ್ ಪಾಗ್ಸನ್ ಒಂದನ್ನು ಕಂಡುಹಿಡಿದು ಅದಕ್ಕೆ ‘ಏಷ್ಯಾ’ ಅಂತ ಹೆಸರಿಟ್ಟರು. ಆ ವೀಕ್ಷಣಾಲಯದ ಇಂದಿನ ವಾರಸುದಾರರು ಕೋರಮಂಗಲದಲ್ಲಿರುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು. ಅವರದೇ ಕಾವಲೂರು ದೂರದರ್ಶಕ ಕೇಂದ್ರದಿಂದ 1988ರಲ್ಲಿ ಆರ್. ರಾಜಮೋಹನ್ ಕಂಡುಹಿಡಿದ ಕ್ಷುದ್ರಗ್ರಹಕ್ಕೆ ಗಣಿತಜ್ಞ ರಾಮಾನುಜನ್ ಹೆಸರಿದೆ.

ಪ್ಲೂಟೊ ಕಥೆಯೂ ಸೀರಿಸ್ ಕಥೆಯ ಹಾಗೇ ಸಾಗಿತು, ಸ್ವಲ್ಪ ನಿಧಾನವಾಗಿ. 1930ರಲ್ಲಿ ಅಮೆರಿಕದ ಲೊವೆಲ್ ವೀಕ್ಷಣಾಲಯದಲ್ಲಿ ಕ್ಲೈಡ್ ಟಾಂಬಾ ಅದನ್ನು ಕಂಡುಹಿಡಿದಾಗ, ಅದು ಭೂಮಿಯಷ್ಟಾದರೂ ಭಾರ ಇರಬೇಕು ಅಂದುಕೊಂಡಿದ್ದರು. 1978ರಲ್ಲಿ ಅದರ ಚಂದ್ರ ಶಾರನ್ ಸಿಕ್ಕಿದ ಮೇಲೆ ನಿಜವಾದ ತೂಕ ಗೊತ್ತಾಯಿತು. ಭೂಮಿಯ 400ರಲ್ಲಿ ಒಂದು ಭಾಗವೂ ಇಲ್ಲ! 1992ರಲ್ಲಿ ಡೇವಿಡ್ ಜ್ಯೂಯಿಟ್ ಮತ್ತು ಜೇನ್ ಲೂ ಪ್ಲೂಟೊದ ಆಸುಪಾಸಿನಲ್ಲಿ ಇನ್ನೊಂದು ಕಾಯ ಕಂಡರು. ಆಮೇಲೆ ಸಾಲುಸಾಲಾಗಿ ಸಿಗತೊಡಗಿದವು. 2005ರಲ್ಲಿ ಮೈಕ್ ಬ್ರೌನ್ ತಂಡಕ್ಕೆ ಎರಿಸ್ ಸಿಕ್ಕಿದ್ದೇ ತಡ, ಗಲಾಟೆ ಶುರು. ಆಗ ಅದು ಪ್ಲೂಟೊಗಿಂತ ದೊಡ್ಡದು ಅನ್ನಿಸಿತ್ತು. ಈಗಿನ ಅಳತೆಯಲ್ಲಿ ಅಗಲ 2,326 ಕಿ.ಮೀ., ಅಂದರೆ ಪ್ಲೂಟೊಗಿಂತ ಚೂರು ಕಡಿಮೆ. ತೂಕ ಮಾತ್ರ ಶೇ 27ರಷ್ಟು ಜಾಸ್ತಿ. ಪ್ಲೂಟೊ ಗ್ರಹವಾದರೆ ಎರಿಸ್ ಯಾಕಲ್ಲ?

ಪ್ರಾಗ್ ಸಭೆಗೆ ಮೊದಲು ಬಂದ ಕರಡಿನಲ್ಲಿ ಇದಕ್ಕೆ ಉದಾರವಾದ ಉತ್ತರವಿತ್ತು. ಸೀರಿಸ್, ಶಾರನ್, ಎರಿಸ್ ಮೂರನ್ನೂ ಸೇರಿಸಿ 12 ಗ್ರಹ ಮಾಡಿಬಿಡೋಣ ಅಂತ. ಅದು ಸಭೆಗೆ ಒಪ್ಪಿಗೆಯಾಗಲಿಲ್ಲ. ಒಂದೇ ವಾರದಲ್ಲಿ ಎಲ್ಲ ತಿರುಗಿ, ಕೊನೆಯ ದಿನ ಹಳದಿ ಕಾರ್ಡ್ ಎತ್ತಿ ಮತ ಹಾಕಿ ಎಂಟಕ್ಕೆ ನಿಲ್ಲಿಸಿದರು. ಕುಬ್ಜ ಗ್ರಹಗಳನ್ನೂ ಗ್ರಹಗಳದ್ದೇ ಒಂದು ಬಗೆ ಅಂತ ಎಣಿಸೋಣ ಅನ್ನೋ ಇನ್ನೊಂದು ಸೂಚನೆಯೂ ಅಲ್ಲೇ ಬಿದ್ದುಹೋಯಿತು. ಹಾಗಾಗಿ ಒಕ್ಕೂಟದ ಲೆಕ್ಕದಲ್ಲಿ ಕುಬ್ಜ ಗ್ರಹ ಗ್ರಹವೇ ಅಲ್ಲ.

ಅಂದು ಮತ ಹಾಕಿದವರು ನಾನೂರು ಚಿಲ್ಲರೆ ಮಂದಿ. ಒಕ್ಕೂಟದಲ್ಲಿದ್ದ ಸಾವಿರಾರು ಸದಸ್ಯರಲ್ಲಿ ಇದು ತೀರಾ ಕಡಿಮೆ ಅನ್ನೋ ದೂರು ಇವತ್ತಿಗೂ ಇದೆ. ಪ್ಲೂಟೊಗೆ ನೌಕೆ ಕಳಿಸಿದ ತಂಡದ ಮುಖ್ಯಸ್ಥ ಅಲನ್ ಸ್ಟರ್ನ್ ಈ ನಿಯಮವನ್ನು ಒಪ್ಪೇ ಇಲ್ಲ. ಒಂದು ಕಾಯ ಏನು ಅನ್ನೋದು ಅದರ ಗುಣದಿಂದ ಗೊತ್ತಾಗಬೇಕು, ಅದು ಎಲ್ಲಿದೆ ಅನ್ನೋದರಿಂದಲ್ಲ ಅಂತ ಅವರ ವಾದ. ಇದರಲ್ಲಿ ಹುರುಳಿದೆ. ಸೂರ್ಯನಿಂದ ದೂರ ಹೋದಷ್ಟೂ ದಾರಿ ಉದ್ದ, ಓಟ ನಿಧಾನ. ಜಾಗ ಖಾಲಿ ಮಾಡಿಸಲು ಇನ್ನೂ ಜಾಸ್ತಿ ತೂಕ ಬೇಕು. ದಾರಿ ಖಾಲಿ ಮಾಡಿಸಲು ಎಷ್ಟು ತೂಕ ಬೇಕು ಅಂತ 2015ರಲ್ಲಿ ಖಗೋಳ ವಿಜ್ಞಾನಿ ಜಾನ್ ಲುಕ್ ಮಾರ್ಗೊ ಕೊಟ್ಟ ಸೂತ್ರಕ್ಕೆ ಹಾಕಿ ನೋಡಿದರೆ, ನಮ್ಮ ಬುಧನನ್ನೇ ಒಯ್ದು ಪ್ಲೂಟೊ ಜಾಗದಲ್ಲಿ ಕೂರಿಸಿದರೂ ಅದು ಪಾಸಾಗೋದಿಲ್ಲ. ಇನ್ನೊಂದು ವಿಚಿತ್ರವೂ ಇದೆ. ನಿಯಮದಲ್ಲಿ ‘ಸೂರ್ಯನನ್ನು ಸುತ್ತಬೇಕು’ ಅಂತ ಇರೋದರಿಂದ, ಬೇರೆ ನಕ್ಷತ್ರಗಳ ಸುತ್ತ ಸಿಕ್ಕಿರುವ 5 ಸಾವಿರಕ್ಕೂ ಹೆಚ್ಚು ಗ್ರಹಗಳಿಗೆ ಇದು ಅನ್ವಯಿಸೋದೇ ಇಲ್ಲ. ಬರವಣಿಗೆ ಅಷ್ಟು ಚೆನ್ನಾಗಿಲ್ಲ, ವಿಂಗಡಣೆ ಮಾತ್ರ ಸರಿಯಾಗಿದೆ ಅಂತ ನನ್ನ ಅಭಿಪ್ರಾಯ.

ಇದರ ಬೆನ್ನಿಗೇ ಬರುವ ಪ್ರಶ್ನೆ: ಹಾಗಾದ್ರೆ ನವಗ್ರಹ ಪೂಜೆಯ ಗತಿ? ಏನೂ ಆಗಿಲ್ಲ. ದೇವಸ್ಥಾನದ ನವಗ್ರಹಗಳಲ್ಲಿ ಪ್ಲೂಟೊ ಯಾವತ್ತೂ ಇರಲಿಲ್ಲ. ಯುರೇನಸ್, ನೆಪ್ಚೂನ್ ಕೂಡ ಇಲ್ಲ. ಅಲ್ಲಿರೋದು ಸೂರ್ಯ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ. ಜೊತೆಗೆ ಚಂದ್ರನ ದಾರಿ ಸೂರ್ಯನ ದಾರಿಯನ್ನು ಹಾಯುವ ಎರಡು ಬಿಂದುಗಳಾದ ರಾಹು, ಕೇತು. ಶಾಲೆಯ ಪಟ್ಟಿಯಲ್ಲೂ ಒಂಬತ್ತು ಬಂದಿದ್ದು ಸುಮ್ನೆ ಕಾಕತಾಳೀಯ.

ಪಟ್ಟ ಹೋಯಿತು ಅಂತ ಪ್ಲೂಟೊ ಸಪ್ಪೆ ಜಾಗ ಅಂದುಕೊಳ್ಳಬೇಡಿ. 2015ರ ಜುಲೈ 14ರಂದು ನ್ಯೂ ಹೊರೈಜನ್ಸ್ ನೌಕೆ ಅದರ ಪಕ್ಕದಲ್ಲೇ ಹಾದುಹೋಯಿತು. ಸತ್ತ ಕಲ್ಲುಗುಂಡು ಕಾಣಬಹುದು ಅಂದುಕೊಂಡಿದ್ದವರಿಗೆ ಹೃದಯದ ಆಕಾರದ ದೊಡ್ಡ ಬಿಳಿ ಬಯಲು ಕಂಡಿತು. ಅದರ ಎಡ ಭಾಗದಲ್ಲಿ ಹೆಪ್ಪುಗಟ್ಟಿದ ನೈಟ್ರೋಜನ್ ನಿಧಾನವಾಗಿ ಮಗುಚುತ್ತಿದೆ. ಅಲ್ಲಿ ಉಲ್ಕೆ ಬಿದ್ದ ಗುಂಡಿಗಳೇ ಇಲ್ಲ, ಅಂದರೆ ಆ ನೆಲ ತೀರಾ ಹೊಸದು. ಪಕ್ಕದಲ್ಲಿ ನೀರಿನ ಮಂಜುಗಡ್ಡೆಯ ಬೆಟ್ಟಗಳು. ಮೇಲೆ ತೆಳುವಾದ ನೀಲಿ ಮಬ್ಬು. ಟಾಂಬಾ ಅವರ ಚಿತಾಭಸ್ಮದ ಒಂದಿಷ್ಟು ಭಾಗವೂ ಆ ನೌಕೆಯಲ್ಲೇ ಹೋಗಿದೆ. ಅದೇ ವರ್ಷ ಸೀರಿಸ್ ತಲುಪಿದ ಡಾನ್ ನೌಕೆಗೆ ಒಂದು ದೊಡ್ಡ ಗುಂಡಿಯ ನಡುವೆ ಬೆಳ್ಳಗೆ ಹೊಳೆಯುವ ಉಪ್ಪಿನ ಕಲೆಗಳು ಸಿಕ್ಕಿದವು. ಒಳಗಿನಿಂದ ಉಪ್ಪುನೀರು ಮೇಲೆ ಬಂದು ಆರಿಹೋದ ಗುರುತು ಅದು.

ಒಕ್ಕೂಟ ಹೆಸರಿಸಿರುವ ಕುಬ್ಜ ಗ್ರಹಗಳು ಐದು: ಸೀರಿಸ್, ಪ್ಲೂಟೊ, ಎರಿಸ್, ಹೌಮಿಯಾ, ಮಾಕೆಮಾಕೆ. ಹೌಮಿಯಾ ಸುಮಾರು ನಾಲ್ಕೇ ಗಂಟೆಗೆ ಒಮ್ಮೆ ತನ್ನ ಸುತ್ತ ತಿರುಗಿ, ಆ ವೇಗಕ್ಕೆ ಮೊಟ್ಟೆಯ ಹಾಗೆ ಉದ್ದವಾಗಿದೆ. ಸೆಡ್ನಾ, ಕ್ವಾವಾರ್, ಗಾಂಗ್‌ಗಾಂಗ್, ಆರ್ಕಸ್ ಇನ್ನೂ ಸರದಿಯಲ್ಲಿವೆ. ಅಷ್ಟು ದೂರದ ಚುಕ್ಕೆ ದುಂಡಗಿದೆಯೋ ಇಲ್ಲವೋ ಅಂತ ಇಲ್ಲಿಂದ ಖಾತ್ರಿ ಮಾಡಿಕೊಳ್ಳೋದು ಸುಲಭವಲ್ಲ.

ಪ್ಲೂಟೊವನ್ನು ಬೆಂಗಳೂರಿನ ಬೆಳಕಿನ ನಡುವೆ ನೋಡುವ ಆಸೆ ಬಿಡಿ. ಬರಿಗಣ್ಣಿಗೆ ಕಾಣುವ ತೀರಾ ಮಸುಕು ನಕ್ಷತ್ರಕ್ಕಿಂತಲೂ ಅದು ಸಾವಿರ ಪಟ್ಟಿಗೂ ಜಾಸ್ತಿ ಮಸುಕು. ಸೀರಿಸ್ ಹಾಗಲ್ಲ. ಸುಮಾರು 15 ತಿಂಗಳಿಗೊಮ್ಮೆ ಅದು ಆಕಾಶದಲ್ಲಿ ಸೂರ್ಯನಿಗೆ ಎದುರು ಬದಿಗೆ ಬರುತ್ತದೆ. ಆಗ ಊರಿಂದಾಚೆ ಕತ್ತಲಿರುವ ಕಡೆ ಹೋದರೆ ಸಾಧಾರಣ ಬೈನಾಕ್ಯುಲರಿಗೂ ಸಿಗುತ್ತದೆ. ನಕ್ಷತ್ರದ ಹಾಗೇ ಚುಕ್ಕೆ, ಅಷ್ಟೆ. ಗುರುತಿಸಲು ಅದರ ಸುತ್ತಲಿನ ನಕ್ಷತ್ರಗಳನ್ನು ಹಾಳೆಯ ಮೇಲೆ ಬರೆದುಕೊಂಡು, ಎರಡು ಮೂರು ರಾತ್ರಿ ಬಿಟ್ಟು ಮತ್ತೆ ನೋಡಿ. ಜಾಗ ಬದಲಿಸಿದ ಚುಕ್ಕೆ ಸೀರಿಸ್. ಪಿಯಾಟ್ಸಿ ಕಂಡುಹಿಡಿದಿದ್ದೂ ಹೀಗೇ.