ಲಿಬ್‌ಎಸೌಂಡ್2 ಇನ್‌ಸ್ಟಾಲ್ ಆಗ್ತಿಲ್ಲ, ಹಳೇ ಫೈಲ್ ತಂದು ಹಾಕಲಾ?

ಪ್ರಶ್ನೆ: ಉಬುಂಟು ಲಿನಕ್ಸ್ 22.04ರಲ್ಲಿ ಓಡುತ್ತಿದ್ದ ಕಮಾಂಡನ್ನೇ 24.04ರಲ್ಲಿ ಕೊಟ್ಟೆ. ಸೌಂಡ್‌ಗೆ ಬೇಕಾದ ಲೈಬ್ರರಿ ಲಿಬ್‌ಎಸೌಂಡ್2 (libasound2) ಹಾಕಲು, ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಆಪ್ಟ್ (apt) ಒಪ್ಪುತ್ತಿಲ್ಲ. ಹಳೆಯ ಡೆಬ್ (ಪ್ಯಾಕೇಜ್) ಫೈಲ್ ತಂದು ಹಾಕಬಹುದಾ?

ಉತ್ತರ: ದಯವಿಟ್ಟು ಬೇಡ. ಪ್ಯಾಕೇಜ್ ಎಲ್ಲೂ ಹೋಗಿಲ್ಲ, ಹೆಸರು ಬದಲಾಗಿದೆ. ಈಗ ಅದು ಲಿಬ್‌ಎಸೌಂಡ್2ಟಿ64. ಕಮಾಂಡಿನಲ್ಲಿ ಹೆಸರಿನ ಕೊನೆಗೆ ಟಿ64 ಸೇರಿಸಿ, ಕೆಲಸ ಆಗುತ್ತದೆ.

ಆಪ್ಟ್ ಕೊಟ್ಟ ಸಂದೇಶವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. 'ಇದು ವರ್ಚುವಲ್ ಪ್ಯಾಕೇಜ್, ಇವುಗಳಲ್ಲಿ ಒಂದನ್ನು ಆರಿಸಿ' ಎಂದು ಎರಡು ಹೆಸರು ತೋರಿಸಿರುತ್ತದೆ. ವರ್ಚುವಲ್ ಅಂದರೆ ಬರೀ ಹೆಸರು, ಆ ಕೆಲಸವನ್ನು ಬೇರೆ ಪ್ಯಾಕೇಜ್ ಮಾಡುತ್ತದೆ. ಒಂದು ನಮಗೆ ಬೇಕಾದದ್ದು. ಇನ್ನೊಂದು ಲಿಬ್‌ಓಎಸ್‌ಎಸ್4 ಎಂದು ಶುರುವಾಗುತ್ತದೆ. ಅದು ಓಎಸ್‌ಎಸ್ ಎಂಬ ಬೇರೆಯೇ ಸೌಂಡ್ ವ್ಯವಸ್ಥೆಯದು, ಅದನ್ನು ಮುಟ್ಟಬೇಡಿ.

ಸುಮ್ನೆ ಹೆಸರು ಬದಲಿಸಿ ತೊಂದರೆ ಕೊಟ್ಟರು ಅನಿಸುತ್ತದೆ, ಅಲ್ವಾ? ಆದರೆ ಕಾರಣ ಗಟ್ಟಿಯಾಗಿದೆ. ಲಿನಕ್ಸ್ ಸಮಯವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತದೆ. 32 ಬಿಟ್ ಜಾಗದಲ್ಲಿ 2,147,483,647ರವರೆಗೆ ಮಾತ್ರ ಎಣಿಸಬಹುದು. 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷಕ್ಕೆ, ಆ ಲೆಕ್ಕ ತುಂಬಿಹೋಗುತ್ತದೆ. ಹಾಗಾಗಿ ಉಬುಂಟುವಿಗೆ ಮೂಲವಾದ ಡೆಬಿಯನ್‌ನವರು 2024ರಲ್ಲಿ 32 ಬಿಟ್ ಆರ್ಮ್ ಯಂತ್ರಗಳಿಗೂ ಸಮಯದ ಜಾಗವನ್ನು 64 ಬಿಟ್‌ಗೆ ಹಿಗ್ಗಿಸಿದರು. ಹಳೆಯ ಅಳತೆಗೆ ಕಟ್ಟಿದ ಪ್ರೋಗ್ರಾಂ ಹೊಸ ಲೈಬ್ರರಿ ಜೊತೆ ಸೇರಿದರೆ ಲೆಕ್ಕ ತಪ್ಪುತ್ತದೆ. ಎರಡೂ ಅಪ್ಪಿತಪ್ಪಿಯೂ ಬೆರೆಯದಿರಲಿ ಅಂತ ನೂರಾರು ಲೈಬ್ರರಿಗಳ ಹೆಸರಿಗೆ ಟಿ64 ಸೇರಿಸಿದರು. ಇಷ್ಟು ಮುಂಚೆಯೇ ಯಾರೋ ಕೂತು ಈ ಕೆಲಸ ಮಾಡಿದ್ದಾರೆ ಅನ್ನೋದೇ ನನಗೆ ತುಂಬಾ ಇಷ್ಟವಾಗುವ ಸಂಗತಿ.

ನಿಮ್ಮ 64 ಬಿಟ್ ಲ್ಯಾಪ್‌ಟಾಪಿಗೆ ಆ ತೊಂದರೆ ಮೊದಲೇ ಇರಲಿಲ್ಲ. ಎಲ್ಲ ಕಡೆ ಹೆಸರು ಒಂದೇ ಇರಲಿ ಎಂದು ಅಲ್ಲೂ ಬದಲಾಯಿತು. ಅಲ್ಲಿ ಹೊಸ ಪ್ಯಾಕೇಜ್ 'ಹಳೆಯ ಹೆಸರಿನ ಕೆಲಸವನ್ನೂ ನಾನೇ ಮಾಡುತ್ತೇನೆ' ಎಂದು ಆಪ್ಟ್‌ಗೆ ತಿಳಿಸುತ್ತದೆ. ಆದ್ದರಿಂದ ಲಿಬ್‌ಎಸೌಂಡ್2 ಬೇಕು ಎನ್ನುವ ಹಳೆಯ ಅಪ್ಲಿಕೇಶನ್ನೂ ಸಾಮಾನ್ಯವಾಗಿ ಕೂರುತ್ತದೆ.

ಹಳೆಯ ಲೈಬ್ರರಿಯನ್ನೇ ತಂದು ಹಾಕಹೊರಟರೆ ಮಾತ್ರ ಜಗಳ ಶುರು. ಎರಡರಲ್ಲೂ ಇರುವುದು ಒಂದೇ ಹೆಸರಿನ ಫೈಲು. ಹಳೆಯದು ಬರಬೇಕಾದರೆ ಹೊಸದು ಹೋಗಬೇಕು, ಅದನ್ನು ನಂಬಿಕೊಂಡ ಪ್ರೋಗ್ರಾಂಗಳೂ ಜೊತೆಗೇ ಹೋಗಬಹುದು. 'ಇವನ್ನು ತೆಗೆಯಲಾಗುವುದು' ಎಂದು ಆಪ್ಟ್ ಉದ್ದ ಪಟ್ಟಿ ತೋರಿಸಿದರೆ ಅಲ್ಲೇ ನಿಲ್ಲಿಸಿ, 'ಎನ್' ಒತ್ತಿ.