22.4 ಆ, 22.7 ಆ? ಎಸ್‌ಟಿಪಿ ಲೆಕ್ಕದಲ್ಲಿ ನಾನು ಸಿಕ್ಕಾಕೊಂಡ ಜಾಗ

ಮೋಲ್ ಅಂದ್ರೇನು, ಸೆಲ್ಸಿಯಸ್‌ಗೆ 273 ಸೇರಿಸಿ ಕೆಲ್ವಿನ್ ಮಾಡೋದು ಹೇಗೆ, ಇದೆಲ್ಲ ಬಿಡಿ, ಗೊತ್ತಿರುತ್ತೆ.

ನನ್ನ ತಲೆ ಕೆಡಿಸಿದ್ದು ಬೇರೆ. ಪಿಯುಸಿ ಪುಸ್ತಕದಲ್ಲಿ ಎಸ್‌ಟಿಪಿಲಿ (ಸ್ಟ್ಯಾಂಡರ್ಡ್ ಟೆಂಪರೇಚರ್ ಅಂಡ್ ಪ್ರೆಷರ್, ಅಂದ್ರೆ ಗ್ಯಾಸ್ ಅಳೆಯೋಕೆ ಎಲ್ರೂ ಒಪ್ಕೊಂಡಿರೋ ಟೆಂಪರೇಚರ್, ಪ್ರೆಷರ್) ಒಂದು ಮೋಲ್ ಗ್ಯಾಸ್ 22.7 ಲೀಟರ್ ಅಂತಿದೆ, ಟ್ಯೂಷನ್ ನೋಟ್ಸಲ್ಲಿ 22.4. ಯಾವುದೋ ಒಂದು ಪ್ರಿಂಟ್ ಮಿಸ್ಟೇಕ್ ಅಂದ್ಕೊಂಡು ಎರಡು ವಾರ ದಬ್ಬಿದೆ. ಎರಡೂ ಸರೀನೇ! ಟೆಂಪರೇಚರ್ ಎರಡಕ್ಕೂ 273 ಕೆಲ್ವಿನ್, ಬೇರೆ ಇರೋದು ಪ್ರೆಷರ್. ಹಳೇ ಎಸ್‌ಟಿಪಿ 1 ಅಟ್ಮಾಸ್ಫಿಯರ್, ಅಂದ್ರೆ 760 ಎಂಎಂ ಪಾದರಸ. 1982ರಲ್ಲಿ ಐಯುಪಿಎಸಿ (ಕೆಮಿಸ್ಟ್ರಿಯ ಅಂತಾರಾಷ್ಟ್ರೀಯ ಸಂಸ್ಥೆ) ಅದನ್ನ 1 ಬಾರ್ ಮಾಡ್ತು, ಸುಮಾರು 750 ಎಂಎಂ. ಒತ್ತಡ ಚೂರು ಕಮ್ಮಿ, ಅದಕ್ಕೆ ಗ್ಯಾಸ್ ಚೂರು ಹಿಗ್ತು.

ಹಾಗಾಗಿ ಇವು ಜೋಡಿ: 760 ಹಾಕಿದ್ರೆ 22.4, 750 ಹಾಕಿದ್ರೆ 22.7. ನಾನು 760 ಹಾಕಿ 22.7ರಿಂದ ಭಾಗಿಸ್ತಿದ್ದೆ, ಉತ್ತರ ಒಂದೂಕಾಲು ಪರ್ಸೆಂಟ್ ಆಚೀಚೆ, ಆಪ್ಷನ್ಸ್ ಹತ್ರ ಹತ್ರ ಇದ್ರೆ ಮುಗೀತು.

ಒಂದು ಲೆಕ್ಕ ನೋಡಿ. 0.12 ಗ್ರಾಂ ಮೆಗ್ನೀಷಿಯಂಗೆ ಡೈಲ್ಯೂಟ್ ಎಚ್‌ಸಿಎಲ್ (ಹೈಡ್ರೋಕ್ಲೋರಿಕ್ ಆಸಿಡ್) ಹಾಕಿ, ಬರೋ ಹೈಡ್ರೋಜನ್‌ನ ನೀರಿನ ಮೇಲೆ ಹಿಡಿದ್ವಿ, 27 ಡಿಗ್ರಿಲಿ 142 ಎಂಎಲ್ ಬಂತು ಅಂದ್ಕೊಳ್ಳಿ. ಇದು ಎಸ್‌ಟಿಪಿಲಿ ಎಷ್ಟು ಎಂಎಲ್, ಎಷ್ಟು ಮೋಲ್ ಅಂತ ಕಂಡುಹಿಡೀಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿರೋದ್ರಿಂದ ಇಲ್ಲಿ ಬ್ಯಾರೋಮೀಟರ್ 760 ತೋರಿಸಲ್ಲ, 685ರ ಆಸುಪಾಸು ಇರುತ್ತೆ. ಅದರಲ್ಲೂ ನೀರಾವಿಯ ಪಾಲು 27 ಎಂಎಂ, ಅದನ್ನ ಕಳೀರಿ, ಹೈಡ್ರೋಜನ್‌ದು ಬರೀ 658. (ಇದನ್ನ ಮರೆತು 116.5 ಎಂಎಲ್ ಬರೆದು ಮಾರ್ಕ್ಸ್ ಕಳ್ಕೊಂಡಿದೀನಿ.)

ಈಗ ಟೆಂಪರೇಚರ್. 273ನ 300ರಿಂದ ಭಾಗಿಸಿದ್ರೆ ಕರೆಕ್ಟಾಗಿ 0.91! ಪ್ರಶ್ನೆಲಿ 27 ಡಿಗ್ರಿ ಕಂಡ್ರೆ ಸಾಕು, ಕಣ್ಮುಚ್ಚಿ 0.91ರಿಂದ ಗುಣಿಸ್ತೀನಿ, ಪೇಪರ್ ಸೆಟ್ ಮಾಡೋರಿಗೂ 27 ಅಂದ್ರೆ ತುಂಬಾ ಇಷ್ಟ ಅನ್ಸುತ್ತೆ. ಮೇಲೆ ಯಾವುದು ಕೆಳಗೆ ಯಾವುದು ಅಂತ ಗೊಂದಲ ಆದ್ರೆ, ತಣ್ಣಗಾದ್ರೆ ಗ್ಯಾಸ್ ಕುಗ್ಗಬೇಕಲ್ವಾ, ಚಿಕ್ಕ ನಂಬರ್ ಮೇಲೆ. ಪ್ರೆಷರ್‌ಗೂ ಅದೇ ಥರ, 658ರಿಂದ 760ಕ್ಕೆ ಅದುಮ್ತಿದೀವಿ, ಕುಗ್ಗುತ್ತೆ, 658 ಮೇಲೆ.

ಹಳೇ ದಾರಿ: 142 × 658/760 × 0.91 = 111.9 ಎಂಎಲ್. 22400ರಿಂದ ಭಾಗಿಸಿ, 0.005 ಮೋಲ್.
ಹೊಸ ದಾರಿ: 142 × 658/750 × 0.91 = 113.4 ಎಂಎಲ್. 22700ರಿಂದ ಭಾಗಿಸಿ, ಮತ್ತೆ 0.005!

ವಾಲ್ಯೂಮ್ ಬೇರೆ, ಮೋಲ್ ಅದೇ. ಒಂದು ಮೋಲ್ ಮೆಗ್ನೀಷಿಯಂಗೆ ಒಂದು ಮೋಲ್ ಹೈಡ್ರೋಜನ್ ಬರುತ್ತೆ, 0.12ನ ಮೆಗ್ನೀಷಿಯಂನ ಅಟಾಮಿಕ್ ಮಾಸ್ 24ರಿಂದ ಭಾಗಿಸಿದ್ರೂ 0.005 ತಾನೇ. ಇದು ಕೂತು ಮಾಡಿದ ಮೇಲೇನೇ ನನಗೆ ನಂಬಿಕೆ ಬಂದಿದ್ದು.

ಇನ್ನೊಂದು, 18 ಗ್ರಾಂ ನೀರು ಎಸ್‌ಟಿಪಿಲಿ ಎಷ್ಟು ಜಾಗ ಹಿಡಿಯುತ್ತೆ ಅಂತ ಕೇಳಿದ್ರೆ ಒಂದು ಮೋಲ್ ಅಂತ ಖುಷಿಲಿ 22.4 ಲೀಟರ್ ಬರೀಬೇಡಿ, ಅಲ್ಲಿ ಅದು ಗ್ಯಾಸೇ ಅಲ್ಲ, ಹತ್ರತ್ರ 18 ಎಂಎಲ್ ಅಷ್ಟೇ.