ಭೋಸರಿಯ ಮಿಲ್ಲಿಂಗ್ ಮಶೀನು ಮತ್ತು ಮುರಿಯಬೇಕಾದ ಹಲ್ಲು

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪುಗಳ ಒಳಗೆ ಕಾಲಿಟ್ಟರೆ ಮರಾಠಿ, ಹಿಂದಿಯ ಜೊತೆ ಕಲಬುರಗಿ, ವಿಜಯಪುರದ ಕನ್ನಡವೂ ಕಿವಿಗೆ ಬೀಳುತ್ತದೆ. ಇಂಥ ಶೆಡ್ಡುಗಳ ಮೂಲೆಯಲ್ಲಿ ಹೆಚ್ಚಾಗಿ ಒಂದು ಎಂ1ಟಿಆರ್ ಮಾದರಿಯ ಮಿಲ್ಲಿಂಗ್ ಮಶೀನು, ಅಂದರೆ ತಿರುಗುವ ಕಟರಿನ ಕೆಳಗೆ ಟೇಬಲ್ ಸರಿಸಿ ಲೋಹ ಕತ್ತರಿಸುವ ಮಶೀನು, ಇರುತ್ತದೆ. ಪಕ್ಕದಲ್ಲೇ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಬಂದು ಕೂತಿದ್ದರೂ ಒಂದೆರಡು ಪೀಸಿನ ಕೆಲಸಕ್ಕೆ, ರಿಪೇರಿಗೆ ಇದೇ ಬೇಕು. ಈ ಬಗೆಯ ಮಶೀನಿಗೆ ದಾರಿ ಹಾಕಿದ್ದು ಅಮೆರಿಕದ ಬ್ರಿಡ್ಜ್‌ಪೋರ್ಟ್, 1938ರಲ್ಲಿ ಮಾರುಕಟ್ಟೆಗೆ ಬಂದದ್ದು. ಇಷ್ಟು ವರ್ಷವಾದರೂ ಮೂಲ ರೂಪ ಅಷ್ಟೇನೂ ಬದಲಾಗಿಲ್ಲ.

ಅದರ ಟೇಬಲ್ಲಿನ ಒಂದು ತುದಿಗೆ ಚಿಕ್ಕ ಡಬ್ಬಿಯೊಂದು ತೂಗಿಕೊಂಡಿರುತ್ತದೆ. ಅದೇ ಪವರ್ ಫೀಡ್, ಬಳಕೆಯ ಮಾತಿನಲ್ಲಿ ಆಟೋ ಫೀಡ್. ಹ್ಯಾಂಡ್ ವೀಲ್ ತಿರುಗಿಸುವ ಕೆಲಸವನ್ನು ಮೋಟರಿನಿಂದ ಮಾಡಿಸುವುದು, ಅಷ್ಟೇ. ಕೈನೋವು ತಪ್ಪಿಸಲು ಇದೆ ಅಂತ ಹಲವರು ಅಂದುಕೊಳ್ಳುತ್ತಾರೆ. ಆದರೆ ಅದರ ನಿಜವಾದ ಕೆಲಸ ಬೇರೆ.

ನಾಲ್ಕು ಹಲ್ಲಿನ ಕಟರ್ ನಿಮಿಷಕ್ಕೆ 500 ಸುತ್ತು ತಿರುಗುತ್ತಿದೆ ಅನ್ನೋಣ. ಪ್ರತಿ ಹಲ್ಲೂ 0.05 ಮಿಲಿಮೀಟರ್ ದಪ್ಪ ಲೋಹ ಕೀಳಬೇಕು. ಗುಣಿಸಿದರೆ ಟೇಬಲ್ ನಿಮಿಷಕ್ಕೆ 100 ಮಿಲಿಮೀಟರ್ ಸರಿಯಬೇಕು. ಟೇಬಲ್ಲನ್ನು ದೂಡುವ ಲೀಡ್ ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರ್ ಸಾಗುತ್ತದೆ, ಅಂದರೆ ಹ್ಯಾಂಡ್ ವೀಲ್ ನಿಮಿಷಕ್ಕೆ 20 ಸುತ್ತು. ಮೂರು ಸೆಕೆಂಡಿಗೆ ಒಂದು ಸುತ್ತು, ಒಂದೇ ಸಮನೆ, ಎಲ್ಲೂ ತಡೆಯದೆ. ಎಂಥ ಪಳಗಿದ ಆಪರೇಟರನಿಗೂ ಇದು ಕಷ್ಟ. ಕೈ ನಿಧಾನವಾದ ಕ್ಷಣದಲ್ಲಿ ಹಲ್ಲು ಕತ್ತರಿಸುವುದನ್ನು ಬಿಟ್ಟು ಸುಮ್ನೆ ಉಜ್ಜುತ್ತದೆ. ಉಜ್ಜಿದರೆ ಬಿಸಿ ಹೆಚ್ಚುತ್ತದೆ, ಕಟರ್ ಮೊಂಡಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಆದರಂತೂ ಉಜ್ಜಿದ ಜಾಗವೇ ಗಟ್ಟಿಯಾಗಿ, ಮುಂದಿನ ಹಲ್ಲಿಗೆ ಇನ್ನೂ ಕಷ್ಟ.

ಅಂದರೆ ಆಟೋ ಫೀಡ್ ಕೊಡುವುದು ಒಂದೇ ಸಮನಾದ ವೇಗ. ಬಲ ಅದರ ಜೊತೆಗೆ ತಾನಾಗಿಯೇ ಬರುತ್ತದೆ, ಬೇಕಾದ್ದಕ್ಕಿಂತ ಜಾಸ್ತಿಯೇ ಬರುತ್ತದೆ. ಸ್ಕ್ರೂ ಮೇಲೆ 15 ನ್ಯೂಟನ್ ಮೀಟರ್ ತಿರುಚು ಬಲ ಹಾಕಿದರೆ ಏನಾಗುತ್ತದೆ ನೋಡಿ. ಹಳೇ ಮಾದರಿಯ ಸ್ಕ್ರೂನಲ್ಲಿ ಮುಕ್ಕಾಲು ಭಾಗ ಘರ್ಷಣೆಗೇ ಹೋಗುತ್ತದೆ. ಹೋದರೂ ಟೇಬಲ್ಲನ್ನು ತಳ್ಳುವ ಬಲ ಸುಮಾರು 480 ಕೆಜಿ ಭಾರಕ್ಕೆ ಸಮ! ಎದುರಿಗೆ ಲೋಹದ ತುಂಡನ್ನು ಹಿಡಿಯುವ ವೈಸ್ ಅಡ್ಡ ಬಂದರೆ, ಟೇಬಲ್ ತುದಿ ಮುಟ್ಟಿದರೆ, ಈ ಬಲ ಎಲ್ಲಾದರೂ ಒಂದು ಕಡೆ ಹೊರಬೀಳಲೇಬೇಕು.

ಅದಕ್ಕೇ ಹಲವು ಮಾದರಿಗಳ ಗೇರುಗಳ ಸಾಲಿನಲ್ಲಿ ಒಂದು ಮಾತ್ರ ಪ್ಲಾಸ್ಟಿಕ್ಕಿನದು. ಕೆಟ್ಟ ಯೂನಿಟ್ ಬಿಚ್ಚಿದಾಗ ಹಲ್ಲುದುರಿಸಿಕೊಂಡು ಕೂತಿರುವುದು ಸಾಮಾನ್ಯವಾಗಿ ಇದೇ. ಇಲ್ಲಿ ಕಾರ್ಖಾನೆಗಳಿಗೆ ಗುರುವಾರ ವಾರದ ರಜೆ, ಬಿಚ್ಚುವ ಕೆಲಸ ನಡೆಯುವುದೂ ಅವತ್ತೇ. ಪಕ್ಕದಲ್ಲಿ ನಿಂತ ಹುಡುಗ ಕೇಳುವ ಮಾತು ಕೂಡ ಗೊತ್ತಿರುವಂಥದ್ದೇ: "ಮಾಮಾ, ಕಬ್ಬಿಣದ ಗೇರ್ ಮಾಡಿ ಹಾಕಿಬಿಡ್ರಿ, ಮತ್ತ ಮುರಿಯಂಗಿಲ್ಲ."

ಮುರಿಯುವುದಿಲ್ಲ, ನಿಜ. ಆದರೆ ಮುಂದಿನ ಸಲ ಪೆಟ್ಟು ಬೇರೆ ಕಡೆ ಬೀಳುತ್ತದೆ. ಬೆವೆಲ್ ಗೇರ್ ಹೋಗಬಹುದು. ಸ್ಕ್ರೂ ಹಿಡಿದಿರುವ ಕಂಚಿನ ನಟ್ ಹೋಗಬಹುದು. ಕಟರ್ ಮುರಿದು ಹಾರಬಹುದು. ಫ್ಯೂಸ್ ಜಾಗಕ್ಕೆ ದಪ್ಪ ತಂತಿ ಸುತ್ತುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಪ್ಲಾಸ್ಟಿಕ್ ಗೇರ್ ಅಗ್ಗದ ಮಾಲು ಅಂತ ಬೈಯುವವರನ್ನು ನಾನು ಒಪ್ಪುವುದಿಲ್ಲ. ಇಡೀ ಯೂನಿಟ್ಟಿನಲ್ಲಿ ತುಂಬಾ ಯೋಚಿಸಿ ಇಟ್ಟ ಭಾಗ ಅದೇ. ಅದೇ ಗೇರ್ ಪದೇ ಪದೇ ಮುರಿಯುತ್ತಿದ್ದರೆ ಗೇರ್ ಬಿಟ್ಟು ಮಶೀನನ್ನು ನೋಡಬೇಕು. ಟೇಬಲ್ಲಿನ ಹಾದಿಗೆ ಎಣ್ಣೆ ಇಲ್ಲವೇ, ಹಾದಿಯ ಸಡಿಲ ಹೊಂದಿಸುವ ಪಟ್ಟಿ, ಅಂದರೆ ಗಿಬ್, ಬಿಗಿಯಾಗಿದೆಯೇ, ನಟ್ ಸವೆದು ಪ್ಲೇ, ಅಂದರೆ ಸಡಿಲ, ಬಂದಿದೆಯೇ? ಪ್ಲೇ ಇದ್ದಾಗ ಕಟರ್ ತಿರುಗುವ ಕಡೆಗೇ ಜಾಬ್ (ಕತ್ತರಿಸುವ ಲೋಹದ ತುಂಡು) ಸರಿಸಿದರೆ ಕಟರೇ ಟೇಬಲ್ಲನ್ನು ಎಳೆದುಕೊಳ್ಳುತ್ತದೆ. ಪ್ರತಿ ಎಳೆತದ ಪೆಟ್ಟೂ ಆ ಬಡಪಾಯಿ ಗೇರಿಗೇ.

ಗೇರ್ ಸರಿ ಇದ್ದೂ ತಿರುಗದಿದ್ದರೆ? ಮೊದಲು ಫ್ಯೂಸ್, ಆಮೇಲೆ ಕಾರ್ಬನ್ ಬ್ರಷ್, ಆಮೇಲೆ ಲಿವರಿನ ಒಳಗಿನ ಮೈಕ್ರೋಸ್ವಿಚ್. ಒಂದೇ ದಿಕ್ಕಿಗೆ ಓಡುತ್ತಿದ್ದರೆ ಅನುಮಾನ ನೇರವಾಗಿ ಸ್ವಿಚ್ ಮೇಲೆ. ಕಟರನ್ನು ತಂಪಾಗಿಡುವ ದ್ರವ, ಕೂಲೆಂಟ್, ಒಳಗೆ ಇಳಿದಿರುತ್ತದೆ. ಎಲೆಕ್ಟ್ರಾನಿಕ್ ಬೋರ್ಡ್ ಕೊನೆಗೆ ನೋಡಿದರೆ ಸಾಕು. ಹೊರದೇಶದಿಂದ ಬಂದ ಹಲವು ಯೂನಿಟ್ಟುಗಳು 110 ವೋಲ್ಟಿನವು, ನಮ್ಮ 230 ವೋಲ್ಟಿಗೆ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಮೋಟರ್ ಸುಡುವುದು ಯಾವಾಗ ಅನ್ನುವುದೂ ಸ್ವಾರಸ್ಯದ ವಿಷಯ. ತಿರುಗುತ್ತಿರುವ ಡಿಸಿ ಮೋಟರ್ ತನ್ನೊಳಗೇ ಎದುರು ವೋಲ್ಟೇಜ್ ಹುಟ್ಟಿಸುತ್ತದೆ, ಅದು ಕರೆಂಟನ್ನು ಹಿಡಿದಿಡುತ್ತದೆ. ಸಿಕ್ಕಿಕೊಂಡು ನಿಂತರೆ ಎದುರು ವೋಲ್ಟೇಜ್ ಇಲ್ಲ. ಆಗ ತಂತಿಯ ರೆಸಿಸ್ಟೆನ್ಸ್ ಒಂದೇ ಅಡ್ಡ, ಕರೆಂಟ್ ಜಿಗಿಯುತ್ತದೆ. ದಿನವಿಡೀ ದುಡಿದು ಸುಡದ ಮೋಟರ್ ನಿಂತಲ್ಲೇ ನಿಂತು ಸುಡುತ್ತದೆ.

ಹೊಸ ಯೂನಿಟ್ಟಿಗೆ ದುಡ್ಡಿಲ್ಲದವರು ವಾಹನದ ವೈಪರ್ ಮೋಟರ್ ಹುಡುಕುತ್ತಾರೆ. ಪುಣೆಯಲ್ಲಾದರೆ ಭಾನುವಾರ, ಬುಧವಾರದ ಜೂನಾ ಬಜಾರ್ ಇದೆ. ವೈಪರ್ ಮೋಟರಿಗೆ ಬಲವಿದೆ, ಆದರೆ ಅದನ್ನು ಒಂದೇ ದಿಕ್ಕಿಗೆ ತಿರುಗಲೆಂದು ಮಾಡಿರುತ್ತಾರೆ. ಉಲ್ಟಾ ಓಡಿಸಿದರೆ ವೇಗ ಬೇರೆಯಾಗುತ್ತದೆ. ಒಳಗಿನ ವರ್ಮ್ ಗೇರ್ ಹಿಂದಿನಿಂದ ತಿರುಗದ ಕಾರಣ, ಬಿಡಿಸಲು ಕ್ಲಚ್ ಇಡದಿದ್ದರೆ ಹ್ಯಾಂಡ್ ವೀಲ್ ಕೂಡ ಅಲುಗುವುದಿಲ್ಲ.

ನನ್ನ ಮಟ್ಟಿಗೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರೇ ವಾಸಿ. ಸುತ್ತಿಗೆ 200 ಹೆಜ್ಜೆ, ಸ್ಕ್ರೂಗೆ ನೇರವಾಗಿ ಜೋಡಿಸಿದರೆ ಒಂದು ಹೆಜ್ಜೆಗೆ ಟೇಬಲ್ 0.025 ಮಿಲಿಮೀಟರ್. ಟೇಬಲ್ಲನ್ನು ಬೇಗ ಓಡಿಸಲು ಹೋದರೆ ಬಲ ಕುಂದುತ್ತದೆ ಅನ್ನುವುದು ನಿಜ. ಆದರೆ ಅದಕ್ಕೆ ಕರೆಂಟ್ ಕೊಡುವ ಡ್ರೈವರ್ ಸರ್ಕ್ಯೂಟ್, ಮೋಟರ್ ತಿರುಗಲಿ ನಿಲ್ಲಲಿ, ಕರೆಂಟನ್ನು ಒಂದು ಮಿತಿಯಲ್ಲೇ ಇಡುತ್ತದೆ. ತಡೆ ಬಂದರೆ ಮೋಟರ್ ಗುರ್ರೆಂದು ಹೆಜ್ಜೆ ತಪ್ಪಿಸಿಕೊಳ್ಳುತ್ತದೆ, ಸುಡುವುದಿಲ್ಲ. ಸಿಎನ್‌ಸಿಯಲ್ಲಿ ಹೆಜ್ಜೆ ತಪ್ಪಿದರೆ ಜಾಬ್ ಹಾಳು. ಇಲ್ಲಿ ಹೆಜ್ಜೆಯ ಲೆಕ್ಕ ಇಡುವವರೇ ಇಲ್ಲ, ಹಾಗಾಗಿ ಅದೇ ದೋಷ ಪ್ಲಾಸ್ಟಿಕ್ ಗೇರಿನ ಕೆಲಸ ಮಾಡುತ್ತದೆ. ಡ್ರೈವರಿನ ಕರೆಂಟ್ ಸ್ವಿಚ್ಚನ್ನು ಕಡಿಮೆಯಿಂದ ಶುರುಮಾಡಿ, ದಿನನಿತ್ಯದ ಕಟಿಂಗ್ ನಡೆಯುವಷ್ಟಕ್ಕೆ ಏರಿಸಿ ಬಿಟ್ಟರೆ ಸಾಕು.